ಪ್ಲೇಟ್ ಕಟ್ ಆಗೋದು ದೃಷ್ಟಿಯಿಂದಲ್ಲ, ಯು ಬೋಲ್ಟಿಂದ

ದೇವಿಮನೆ ಘಾಟಿಯಲ್ಲೋ ಅರಬೈಲ್ ಇಳಿತದಲ್ಲೋ ಹಳೇ ಜೀಪ್ ಪಿಕಪ್ಪಿನ ಪ್ಲೇಟ್, ಅಂದ್ರೆ ಚಕ್ರದ ಮೇಲೆ ಗಾಡಿಯ ಭಾರ ಹೊರೋ ಉಕ್ಕಿನ ಸ್ಪ್ರಿಂಗ್ ಪಟ್ಟಿ, ಕಟ್ ಆಯ್ತು ಅಂದ್ರೆ ಮೊದಲು ಬರೋ ಮಾತು "ಆ ತಿರುವೇ ಸರಿ ಇಲ್ಲ", ಎರಡನೇದು "ಯಾರದ್ದೋ ದೃಷ್ಟಿ ತಾಗಿದೆ", ಆಮೇಲೆ ಬಂಪರಿಗೊಂದು ಹೊಸ ನಿಂಬೆಹಣ್ಣು. ಕಟ್ ಆದ ತುಂಡನ್ನ ತಿರುಗಿಸಿ ಮುರಿದ ಮುಖ ನೋಡೋರು ಮಾತ್ರ ಕಮ್ಮಿ. ಎಲ್ಲಾ ಅಲ್ಲೇ ಬರ್ದಿರ್ತದೆ ಮಾರಾಯ್ರೆ! ಒಂದು ಬದಿ ಕಪ್ಪಾಗಿ, ತುಕ್ಕು ಹಿಡಿದು, ನುಣ್ಣಗೆ ಇರ್ತದೆ. ಉಳಿದದ್ದು ಹೊಸದಾಗಿ ಹೊಳೀತಾ ತರಿತರಿಯಾಗಿ ಇರ್ತದೆ. ಕಪ್ಪು ಭಾಗ ಯಾವಾಗ್ಲೋ ಬಿರುಕು ಬಿಟ್ಟು ನಿಧಾನಕ್ಕೆ ಬೆಳೆದದ್ದು, ತರಿ ಭಾಗ ಅಷ್ಟೇ ಇವತ್ತು ಮುರಿದದ್ದು. ತಿರುವು ಪಾಪ, ಕೊನೇ ಏಟು ಕೊಟ್ಟಿದ್ದು ಮಾತ್ರ.

ಇದಕ್ಕೆ ಲೋಹದ ದಣಿವು ಅಂತಾರೆ. ನಮ್ಮೋರನ್ನ ಮಾತ್ರ ಬೈದು ಪ್ರಯೋಜನ ಇಲ್ಲ, 1842ರ ಮೇ 8ರಂದು ಫ್ರಾನ್ಸಿನ ವರ್ಸೈ ಕಡೆಯಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ ಆಕ್ಸಲ್ (ಚಕ್ರದ ಅಚ್ಚು) ಮುರಿದು ದೊಡ್ಡ ದುರಂತ ಆದಾಗ, ಅಲುಗಾಡಿ ಅಲುಗಾಡಿ ಕಬ್ಬಿಣ ಒಳಗೇ ಹರಳುಗಟ್ಟಿ ಮುರೀತದೆ ಅಂತ ಆ ಕಾಲದ ಎಂಜಿನಿಯರುಗಳೂ ನಂಬಿದ್ರು. ಅದೂ ಒಂಥರಾ ಮೂಢನಂಬಿಕೆಯೇ. ಆಮೇಲೆ ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್ 1850-60ರ ದಶಕಗಳಲ್ಲಿ ಆಕ್ಸಲ್‌ಗಳನ್ನ ಮೆಷಿನ್ನಿಗೆ ಹಾಕಿ ಲಕ್ಷಗಟ್ಟಲೆ ಸಲ ಬಗ್ಗಿಸಿ ನೋಡಿದ. ಒಂದೇ ಸಲಕ್ಕೆ ಏನೂ ಮಾಡದ ಸಣ್ಣ ಹೊರೆ, ಮತ್ತೆ ಮತ್ತೆ ಬಿದ್ರೆ ಉಕ್ಕನ್ನೇ ಮುರೀತದೆ. ಆದ್ರೆ ಹೊರೆ ಒಂದು ಮಿತಿಗಿಂತ ಕೆಳಗಿದ್ರೆ ಎಷ್ಟು ಸಲ ಬಗ್ಗಿಸಿದ್ರೂ ಮುರಿಯೋದಿಲ್ಲ.

ಕಾರವಾರ, ಅಂಕೋಲಾ ಕಡೆ ಈ ಮಿತಿಯನ್ನ ನಂಬೋ ಹಾಗಿಲ್ಲ. ಉಪ್ಪುನೀರು ತಾಗಿ ಉಕ್ಕಿನ ಮೇಲೆ ಸಣ್ಣ ಸಣ್ಣ ಗುಳಿ ಬೀಳ್ತದೆ, ಪ್ರತಿ ಗುಳಿಯೂ ಬಿರುಕಿಗೊಂದು ಬಾಗಿಲು, ಆಗ ಆ ಸುರಕ್ಷಿತ ಮಿತಿ ಅನ್ನೋದೇ ಮಾಯ. ಮೀನು ಸಾಗಿಸೋ ಪಿಕಪ್ ನೋಡಿ, ಐಸ್ ಕರಗಿದ ಉಪ್ಪುನೀರು ಹಿಂದಿನ ಸರಕಿನ ಡಾಲಾದ ಸಂದಿಯಿಂದ ಇಳಿದು ಹಿಂದಿನ ಪ್ಲೇಟ್‌ಗಳ ಮೇಲೇ ತೊಟ್ಟಿಕ್ಕುತ್ತಾ ಇರ್ತದೆ.

ಈಗ ನನ್ನ ಇಷ್ಟದ ವಿಷಯ: ಒಂದೇ ದಪ್ಪ ತುಂಡು ಹಾಕೋದು ಬಿಟ್ಟು ಪ್ಲೇಟ್ ಮೇಲೆ ಪ್ಲೇಟ್ ಯಾಕೆ? ಪಟ್ಟಿಯ ಗಡಸು, ಅಂದ್ರೆ ಬಗ್ಗೋಕೆ ಒಪ್ಪದ ಗುಣ, ಅದರ ದಪ್ಪದ ಘನಕ್ಕೆ ತಕ್ಕಂತೆ ಏರ್ತದೆ, ದಪ್ಪ ಎರಡರಷ್ಟಾದ್ರೆ ಗಡಸು 8 ಪಟ್ಟು. ಉದ್ದ ಅಗಲ ಒಂದೇ ಇಟ್ಕೊಂಡ್ರೆ, ಬಿಡಿಬಿಡಿಯಾಗಿ ಜಾರೋ 8 ಪ್ಲೇಟಿನ ಕಟ್ಟು ಅಷ್ಟೇ ದಪ್ಪದ ಇಡೀ ತುಂಡಿಗಿಂತ 64 ಪಟ್ಟು ಮೆತ್ತಗೆ. ದಪ್ಪ ಲೆಕ್ಕದ ಪುಸ್ತಕ ಬಗ್ಗಿಸಿ ನೋಡಿ, ಹಾಳೆಗಳು ಅಂಚಲ್ಲಿ ಜಾರೋದ್ರಿಂದ ಆರಾಮಾಗಿ ಬಗ್ಗುತ್ತದೆ, ಎಲ್ಲಾ ಹಾಳೆಗೂ ಗೋಂದು ಹಚ್ಚಿ ಒಣಗಿಸಿದ್ರೆ ಹಲಗೆಯೇ. ಇನ್ನೊಂದು, ಅಷ್ಟೇ ಬಗ್ಗಿಸಿದ್ರೂ ತೆಳು ಪ್ಲೇಟಿನ ಮೇಲ್ಮೈ ಕಮ್ಮಿ ಎಳೆತ ತಿನ್ನೋದು, ಅದಕ್ಕೇ ಬಾಳಿಕೆ. ಪ್ಲೇಟುಗಳು ಒಂದಕ್ಕೊಂದು ಉಜ್ಜಿ ಕುಣಿತವನ್ನೂ ಸ್ವಲ್ಪ ಅಡಗಿಸ್ತವೆ. ತುಕ್ಕು ತುಂಬಿ ಜಾರೋದೇ ನಿಂತ್ರೆ ಕಟ್ಟು ಗಡಸಾಗ್ತದೆ, ಬೆನ್ನಿಗೆ ಹೊಡೀತದೆ.

ಜಾರಬೇಕಾದ್ದು ತುದಿಯಲ್ಲಿ. ನಡುವೆ, ಆಕ್ಸಲ್ ಹತ್ರ, ಒಂಚೂರೂ ಅಲುಗಬಾರದು. ಅಲ್ಲಿ ಪ್ಲೇಟುಗಳನ್ನ ಪೋಣಿಸೋ ಸೆಂಟರ್ ಬೋಲ್ಟಿಗೆ ತೂತು ಇರ್ತದೆ, ತೂತಿನ ಅಂಚಲ್ಲಿ ಎಳೆತ ಬಂದು ಗುಂಪಾಗ್ತದೆ. ಅಗಲ ಹಾಳೆಯನ್ನ ಎಳೆದ್ರೆ ದುಂಡು ತೂತಿನ ಅಂಚಲ್ಲಿ 3 ಪಟ್ಟು ಎಳೆತ ಅಂತ ಜರ್ಮನ್ ಎಂಜಿನಿಯರ್ ಕಿರ್ಶ್ 1898ರಲ್ಲೇ ಲೆಕ್ಕ ಹಾಕಿದ್ದ. ಪ್ಲೇಟಿನ ಕಟ್ಟನ್ನ ಆಕ್ಸಲ್ಲಿಗೆ ಬಿಗಿದು ಹಿಡಿಯೋ ಯು ಆಕಾರದ ಬೋಲ್ಟೇ ಯು ಬೋಲ್ಟ್. ಅದು ಬಿಗಿಯಾಗಿದ್ರೆ ನಡುಭಾಗ ಹೆಚ್ಚುಕಮ್ಮಿ ಬಗ್ಗೋದೇ ಇಲ್ಲ, ತೂತು ಬಚಾವ್. ಸಡಿಲಾದ್ರೆ ಬಗ್ಗುವಿಕೆ ಸೀದಾ ತೂತಿಗೇ ಬರ್ತದೆ, ಪ್ಲೇಟ್ ಅಲ್ಲೇ ಕಟ್. ಹೊರೆ ಹೊರೋದು ಸೆಂಟರ್ ಬೋಲ್ಟ್ ಅಂದ್ಕೊಂಡೋರು ತುಂಬಾ ಜನ, ಅದರ ಕೆಲ್ಸ ತಲೆಯನ್ನ ಆಕ್ಸಲ್ ಗುಳಿಯಲ್ಲಿ ಕೂರಿಸಿ ಜಾಗ ತೋರಿಸೋದಷ್ಟೇ. ಹಿಡಿತ ಎಲ್ಲಾ ಯು ಬೋಲ್ಟಿಂದು, ಅದೂ ಬಿಗಿಯುವಾಗ ಹಿಗ್ಗಿ ಒಂದು ಸ್ಪ್ರಿಂಗಿನಂತೆ ಎಳೆದು ಹಿಡಿಯೋದು. ಹಿಗ್ಗಿ ಹಿಗ್ಗಿ ಥ್ರೆಡ್ ಹಾಳಾದ ಹಳೇ ಯು ಬೋಲ್ಟನ್ನೇ ಮತ್ತೆ ಹಾಕಬೇಡಿ. "ಲೋಡ್ ಜಾಸ್ತಿ, ಇನ್ನೊಂದು ಪ್ಲೇಟ್ ಹಾಕುವ" ಅಂತ ಕಟ್ಟು ದಪ್ಪ ಮಾಡಿ ಹಳೇ ಯು ಬೋಲ್ಟೇ ಇಟ್ರೆ ನಟ್ ಪೂರ್ತಿ ಹತ್ತೋಕೂ ಉದ್ದ ಸಾಲೋದಿಲ್ಲ.

ಶ್ಯಾಕಲ್, ಅಂದ್ರೆ ಪ್ಲೇಟಿನ ತುದಿಯನ್ನ ಚಾಸಿಗೆ ತೂಗಿಹಾಕೋ ಕೊಂಡಿ, ಅದರ ವಿಷಯ ಚಿಕ್ಕದು. ಹೊರೆ ಬಿದ್ದಾಗ ಬಾಗಿದ ಪ್ಲೇಟ್ ಚಪ್ಪಟೆಯಾಗಿ ಉದ್ದ ಆಗ್ತದೆ, ಅದಕ್ಕೆ ಒಂದು ತುದಿ ಪಿನ್ನಲ್ಲಿ ಗಟ್ಟಿ, ಇನ್ನೊಂದು ತುದಿ ತೂಗಾಡೋ ಶ್ಯಾಕಲ್ಲಿಗೆ. ಅದರ ಬುಶ್ (ಪಿನ್ ಸುತ್ತ ಕೂರೋ ಸಣ್ಣ ಕೊಳವೆ) ಸವೆದ್ರೆ ಆಕ್ಸಲ್ ಅಡ್ಡಡ್ಡ ಜಾರ್ತದೆ, ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಎಳೀತದೆ. 1947ರಲ್ಲಿ ಮಹೀಂದ್ರ ಜೋಡಿಸೋಕೆ ಶುರು ಮಾಡಿದ ಅಮೆರಿಕದ ವಿಲ್ಲಿಸ್ ಜೀಪಿನ ಸಂತತಿಯ ಹಳೇ ಗಾಡಿಗಳಲ್ಲಿ ಥ್ರೆಡ್ ಇರೋ ಯು ಆಕಾರದ ಶ್ಯಾಕಲ್ ಬರ್ತದೆ, ಅದರಲ್ಲಿ ಕೆಲವಕ್ಕೆ ಎಡ ಥ್ರೆಡ್, ಗುರುತಿಗೆ ಒಂದು ಸಣ್ಣ ಉಬ್ಬು. ನೋಡದೆ ಬಲಕ್ಕೆ ಎಡಕ್ಕೆ ಅಂತ ಪೈಪ್ ಹಾಕಿ ತಿರುಗಿಸಿದ್ರೆ ಥ್ರೆಡ್ ಹೋಯ್ತು. ರಬ್ಬರ್ ಬುಶ್ ಇದ್ರೆ ಬೋಲ್ಟನ್ನ ಕೊನೇ ಬಿಗಿ ಮಾಡೋದು ಗಾಡಿ ನೆಲಕ್ಕೆ ಇಳಿಸಿದ ಮೇಲೇ. ಎತ್ತಿಟ್ಟಾಗಲೇ ಬಿಗಿದ್ರೆ ಇಳಿಸಿದಾಗ ರಬ್ಬರ್ ತಿರುಚಿ ಹರಿದು ಹೋಗ್ತದೆ. ಎತ್ತುವಾಗ ಚಾಸಿಗೆ ಗಟ್ಟಿ ಸ್ಟ್ಯಾಂಡ್ ಕೊಡಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಹೊಸ ಯು ಬೋಲ್ಟಿನ ನಟ್‌ಗಳನ್ನ ಒಂದು ಮೂಲೆಯಿಂದ ಎದುರು ಮೂಲೆಗೆ ಒಂದೊಂದಾಗಿ ಬಿಗಿದು, ಸ್ವಲ್ಪ ದಿನ ಓಡಿಸಿ, ಮತ್ತೊಮ್ಮೆ ಬಿಗೀಬೇಕು, ಪ್ಲೇಟುಗಳು ಕೂತ್ಕೊಳ್ಳೋದ್ರಿಂದ ಮೊದಲ ಬಿಗಿ ಸಡಿಲ ಆಗೇ ಆಗ್ತದೆ.

ಕಟ್ ಆದ ಪ್ಲೇಟನ್ನ ವೆಲ್ಡ್ ಮಾಡಿಸೋರಿಗೆ ಒಂದೇ ಮಾತು, ಬೇಡ. ಕಾಸಿ, ತಣಿಸಿ, ಮತ್ತೆ ಹದಕ್ಕೆ ಕಾಸಿ ಕೊಟ್ಟ ಸ್ಪ್ರಿಂಗ್ ಗುಣ ವೆಲ್ಡಿಂಗ್ ಬಿಸಿಗೆ ಹೋಗಿಬಿಡ್ತದೆ, ಪಕ್ಕದಲ್ಲೇ ಇನ್ನೊಂದು ಬಿರುಕು ಶುರು. ಕಮ್ಮಾರನಿಗೆ ಕೊಡಿ. ಅವ ಅದನ್ನ ಕುಲುಮೆಯಲ್ಲಿ ಕೆಂಪಗೆ ಕಾಸಿ, ಬಡಿದು, ಮೊದಲಿಂದ ಹದ ಕೊಡ್ತಾನೆ, ಹಾಗಾಗಿ ಅದೇ ಉಕ್ಕಿಂದ ತೋಟದ ಕೆಲ್ಸಕ್ಕೆ ಒಳ್ಳೇ ಕತ್ತಿ ಆಗ್ತದೆ.