ಕಣ್ಣಿಲ್ಲದ ದಬ್ಬಳ: ಗುರುತು ಸಿಗದ ಹಳೆಯ ಉಪಕರಣವನ್ನು ಓದುವ ಬಗೆ

ಅಟ್ಟ ಗುಡಿಸುವಾಗ ಹಳೆಯ ಮರದ ಪೆಟ್ಟಿಗೆಯಲ್ಲಿ ಗೇಣುದ್ದದ ಕಬ್ಬಿಣದ ಸಾಮಾನೊಂದು ಸಿಕ್ಕಿತು. ಒಂದು ತುದಿ ಸೂಜಿಯಂತೆ ಮೊನಚು, ಇನ್ನೊಂದು ತುದಿ ಚಪ್ಪಟೆಯಾಗಿ ಬಡಿದ ಪುಟ್ಟ ಅಲಗು. ಅಪ್ಪ ನೋಡಿದವರೇ ಗೋಣಿಚೀಲ ಹೊಲಿಯುವ ದಬ್ಬಳ ಎಂದರು. ಪಕ್ಕದ ಮನೆಯವರು ಚಪ್ಪಲಿ ಹೊಲಿಯುವವರದು ಎಂದರು. ಅಡಕೆ ಹೆರೆಯುವ ಚೂರಿ ಇರಬೇಕು ಎಂಬುದು ನನ್ನ ಊಹೆ. ಮೂವರೂ ತಪ್ಪಿದೆವು. ಅದು ಯಾವುದರ ಹಾಗೆ ಕಾಣುತ್ತದೆ ಎಂದಷ್ಟೇ ಯೋಚಿಸಿದ್ದೆವು. ಯಾವ ವಸ್ತುವಿನ ಮೇಲೆ, ಕೈ ಎಲ್ಲಿಟ್ಟು, ಏನು ಮಾಡುತ್ತಿತ್ತು ಎಂದು ಕೇಳಿರಲಿಲ್ಲ. ವಸ್ತುಸಂಸ್ಕೃತಿ ಓದುತ್ತಿರುವ ಗೆಳೆಯರಿಗಾಗಿ ಆ ಪ್ರಶ್ನೆಯ ಜಾಡನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಮೊದಲು, ತೊಳೆಯಬೇಡಿ. ಅತ್ತೆ ಹುಣಸೆಹಣ್ಣು ಹಿಡಿದು ಬಂದಿದ್ದರು, ತಡೆದೆ. ಹುಳಿ ಹಾಕಿ ತಿಕ್ಕಿದರೆ ತುಕ್ಕಿನ ಜೊತೆಗೆ ಸವೆತದ ಗುರುತೂ ಹೋಗುತ್ತದೆ, ನಮಗೆ ಬೇಕಾಗಿರುವುದು ಆ ಸವೆತವೇ.

ದಬ್ಬಳಕ್ಕೆ ದಾರ ಪೋಣಿಸುವ ಕಣ್ಣಿರಬೇಕು, ಇದಕ್ಕಿಲ್ಲ. ಚರ್ಮ ಚುಚ್ಚುವ ಸಾಧನಕ್ಕೆ ಅಂಗೈಯಿಂದ ಒತ್ತಲು ಹಿಡಿ ಬೇಕು. ಇಲ್ಲಿ ಹಿಡಿ ಇರಬೇಕಾದ ಕಡೆ ಅಲಗಿದೆ, ಒತ್ತಿದರೆ ಅಂಗೈಯೇ ಕೊಯ್ದುಕೊಳ್ಳುತ್ತದೆ. ಹಾಗಾದರೆ ಇದನ್ನು ಮೇಲಿನಿಂದ ಒತ್ತಿಲ್ಲ, ಪಕ್ಕದಿಂದ ಹಿಡಿದಿದ್ದಾರೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದಾಗ ಮೊನೆಯಿಂದ ಎರಡು ಬೆರಳು ಮೇಲೆ ನುಣುಪಾದ ಒಂದು ಪಟ್ಟಿ ಮಿನುಗಿತು. ಉಳಿದ ಮೈಯೆಲ್ಲ ಒರಟು. ಮೊನೆ ಬಾಗಿಲ್ಲ, ಮುರಿದಿಲ್ಲ, ಗಟ್ಟಿಯಾದುದನ್ನು ಚುಚ್ಚಿದ್ದಲ್ಲ. ಅಲಗು ತೆಳು, ಮರ ಕೆತ್ತುವಷ್ಟು ಬಲವಿಲ್ಲ. ಮೆತ್ತಗಿನ, ತೆಳುವಾದ ಯಾವುದನ್ನೋ ಒಂದು ತುದಿಯಿಂದ ಗೀರಿ, ಇನ್ನೊಂದರಿಂದ ಕತ್ತರಿಸುತ್ತಿದ್ದರು ಎಂಬಲ್ಲಿಗೆ ಬಂದೆ.

ಇನ್ನು ಪೆಟ್ಟಿಗೆಯ ಒಡನಾಡಿಗಳು. ಮೇಲೇ ಒಂದು ಕಡತವಿತ್ತು. ಇಂದು ಕಚೇರಿಯ ಫೈಲಿಗೆ ಹೇಳುವ ಈ ಮಾತು ಮೂಲದಲ್ಲಿ ಹುಣಸೆಬೀಜದ ಸರಿಗೆ ಇದ್ದಿಲ ಪುಡಿ ಬೆರೆಸಿ ಬಳಿದ, ಮಡಚಿಡುವ ಕಪ್ಪು ಬಟ್ಟೆಯದು. ನಾನು ತಕ್ಷಣ ಎರಡನ್ನೂ ಜೋಡಿಸಿಬಿಟ್ಟೆ. ಅದು ದೊಡ್ಡ ತಪ್ಪು. ಕಡತದ ಮೇಲೆ ಬರೆಯುವುದು ಬಳಪದಿಂದ. ಇಂಥ ಮೊನೆ ತಾಗಿದರೆ ಬಟ್ಟೆ ಹರಿದೇ ಹೋದೀತು. ಒಟ್ಟಿಗೆ ಸಿಕ್ಕಿದ ಮಾತ್ರಕ್ಕೆ ಒಟ್ಟಿಗೆ ದುಡಿದವೆಂದು ತಿಳಿಯಬಾರದು. ನಿಜವಾದ ಸಾಕ್ಷಿ ತಳದಲ್ಲಿತ್ತು: ಉದ್ದನೆಯ, ಕಿರಿದಾದ ಎರಡು ಮರದ ಪಟ್ಟಿಗಳು, ಎರಡರಲ್ಲೂ ಒಂದೇ ಅಳತೆಗೆ ಕೊರೆದ ಎರಡೆರಡು ತೂತು. ಓಲೆಕಟ್ಟಿನ ಮೇಲೆ ಕೆಳಗೆ ಇಟ್ಟು ದಾರ ಪೋಣಿಸಿ ಬಿಗಿಯುವ ಹಲಗೆಗಳು. ಓಲೆ ಒಂದೂ ಇರಲಿಲ್ಲ.

ಅಲ್ಲಿಗೆ ನಮ್ಮ ಸಾಮಾನು ಕಂಟ, ಅಂದರೆ ಓಲೆಗರಿಯ ಮೇಲೆ ಬರೆಯುವ ಲೇಖನಿ. ತಮಿಳರು ಎಳುತ್ತಾಣಿ ಎನ್ನುತ್ತಾರೆ, ಮಲಯಾಳದಲ್ಲಿ ನಾರಾಯಂ. ಚೂರಿಯೂ ಮೊನೆಯೂ ಒಂದೇ ಹಿಡಿಯೊಳಗೆ ಮಡಚಿಕೊಳ್ಳುವ ಬಗೆಯೂ ಉಂಟು. ಉತ್ತರ ಭಾರತದಲ್ಲಿ ಓಲೆಯ ಮೇಲೆ ಹೆಚ್ಚಾಗಿ ಮಸಿಯಲ್ಲಿ ಬರೆಯುತ್ತಿದ್ದರು. ದಕ್ಷಿಣದಲ್ಲಿ ಮೊದಲು ಕೊರೆದು ಆಮೇಲೆ ಮಸಿ ತುಂಬುತ್ತಿದ್ದರು. ಉತ್ತರದ ಬರಹಗಾರನ ಪೆಟ್ಟಿಗೆಯಾಗಿದ್ದರೆ ಅಲ್ಲಿ ಕಬ್ಬಿಣದ ಮೊನೆಯ ಬದಲು ಬೆತ್ತದ ಲೇಖನಿ ಸಿಗುತ್ತಿತ್ತೇನೋ.

ಅಲಗಿನ ಕೆಲಸ ಮೊದಲು ಬರುತ್ತದೆ. ತಾಳೆ ಅಥವಾ ಶ್ರೀತಾಳೆಯ ಗರಿಯನ್ನು ಬಿಡಿಸಿ, ನಡುವಿನ ಕಡ್ಡಿ ತೆಗೆದು, ಬೇಯಿಸಿ, ಒಣಗಿಸಿ, ಉಜ್ಜಿ ನಯಮಾಡಿದ ಮೇಲೆ ಎಲ್ಲ ಓಲೆಗಳೂ ಒಂದೇ ಅಗಲಕ್ಕೆ ಬರಬೇಕು. ಬರೆಯುವಾಗ ಎಡಗೈಯ ಹೆಬ್ಬೆರಳೇ ಮೊನೆಗೆ ಆನಿಕೆ. ಕೊರೆದ ಗೆರೆ ಬರಿಗಣ್ಣಿಗೆ ಕಾಣಿಸುವುದೇ ಕಷ್ಟ. ಎಣ್ಣೆಯಲ್ಲಿ ಕಲಸಿದ ಕಾಡಿಗೆ ಸವರಿ ಒರೆಸಿದಾಗ ಗೀರಿನೊಳಗೆ ಮಸಿ ಉಳಿದು ಅಕ್ಷರ ಎದ್ದುಬರುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿರುವ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದ, ಗ್ರಂಥ ಎಂಬ ದಕ್ಷಿಣದ ಲಿಪಿಯಲ್ಲಿರುವ ಪ್ರತಿಯೂ ಓಲೆಗರಿಯದೇ.

ಪರೀಕ್ಷೆಗೆ ಹಳೆಯ ವಸ್ತುವನ್ನು ಬಳಸಬಾರದು. ನಾನು ಮುರಿದ ತಾಳೆಗರಿಯ ಬೀಸಣಿಗೆಯಿಂದ ಒಂದು ತುಂಡು ಕತ್ತರಿಸಿ, ಕೈವಾರದ ಮುಳ್ಳಿನಿಂದ ಗೀರಿದೆ. ನಾರಿನ ಅಡ್ಡಕ್ಕೆ ಎಳೆದಾಗ ಕಿರ್ರೆಂದು ಸಣ್ಣ ಸದ್ದು. ತನ್ನ ಕಂಠಪತ್ರದ, ಅಂದರೆ ಕಂಟ ಓಲೆಗಳ, ಉಲುಹು ಕೆಡುವುದಿಲ್ಲ ಎಂದು ಕುಮಾರವ್ಯಾಸ ಹೆಮ್ಮೆಪಟ್ಟದ್ದು ಈ ಸದ್ದಿನ ಬಗ್ಗೆಯೇ. ಬರೆದದ್ದನ್ನು ತಿದ್ದಲು ನಿಲ್ಲದವನ ಸದ್ದು ಮಾತ್ರ ಕಡಿಯದೆ ಕೇಳುತ್ತದೆ. ನನ್ನದು ಅಕ್ಷರಕ್ಕೊಮ್ಮೆ ನಿಂತಿತು. ದೀಪದ ಮಸಿ ಸವರಿ ಬಟ್ಟೆಯಿಂದ ಒರೆಸಿದ ಮೇಲೆ ಸೊಟ್ಟಗಿನ ಒಂದು ‘ಕ’ ಕಂಡಿತು.

ನಾರಿನ ಉದ್ದಕ್ಕೆ ಬಲವಾಗಿ ಎಳೆದ ಗೆರೆ ಗರಿಯನ್ನು ಸೀಳಿತು. ಕನ್ನಡದ ಅಕ್ಷರ ದುಂಡಗಾದದ್ದು ಇದೇ ಕಾರಣಕ್ಕೆ ಎಂದು ತರಗತಿಯಲ್ಲಿ ಕೇಳಿರುತ್ತೀರಿ. ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅಕ್ಷರದ ಮೇಲೆ ನಾರಿನುದ್ದಕ್ಕೇ ಸಾಗುವ ತಲೆಗೆರೆಯಿರುವ ನಂದಿನಾಗರಿ ಲಿಪಿಯನ್ನೂ ನಮ್ಮ ಮಾಧ್ವ ಪಂಡಿತರು ಓಲೆಯ ಮೇಲೆಯೇ ಕೊರೆದಿದ್ದಾರೆ, ಗರಿ ಸೀಳಿಲ್ಲ. ಕೈ ಹಗುರವಾಗಿದ್ದರೆ ಸಾಕಾಗುತ್ತಿತ್ತೆಂದು ಕಾಣುತ್ತದೆ, ನನ್ನದು ಆಗಿರಲಿಲ್ಲ.