ಫಿಲ್ಟರ್ ಕೊಳ್ಳುವ ಮುಂಚೆ ಮೀನು ಯಾವುದು ಅಂತ ಹೇಳಿ

ಮೀನಿನ ಟ್ಯಾಂಕಿಗೆ ಯಾವ ಫಿಲ್ಟರ್ ತಗೋಬೇಕು ಅಂತ ಕೇಳಿದವರಿಗೆಲ್ಲ ನಾನು ಮೂರು ಪ್ರಶ್ನೆ ವಾಪಸ್ ಕೇಳುತ್ತೇನೆ. ಟ್ಯಾಂಕ್ ಎಷ್ಟು ಲೀಟರಿನದು? ಒಳಗಿರುವ ಮೀನು ಯಾವುದು? ಫಿಲ್ಟರ್ ತೊಳೆಯುವವರು ಯಾರು? ಮೂರನೆಯದಕ್ಕೆ ಎಲ್ಲರೂ ನಗುತ್ತಾರೆ. ನನಗೆ ಅದೇ ಮುಖ್ಯ.

ಕಣ್ಣಿಗೆ ಕಾಣುವ ಕಸ ಹಿಡಿಯುವುದು ಫಿಲ್ಟರಿನ ಸಣ್ಣ ಕೆಲಸ. ನೀರು ತಿಳಿಯಾಗಿಯೇ ಇರುತ್ತದೆ, ಆದರೂ ಮೀನು ಸಾಯುತ್ತವೆ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ. ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ, ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ಅಮೋನಿಯಾ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡು ಸ್ವಲ್ಪ ಇದ್ದರೂ ವಿಷ. ಮೂರನೆಯದನ್ನು ಮೀನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಆದರೆ ಅದನ್ನು ಸಾಮಾನ್ಯ ಫಿಲ್ಟರ್ ಯಾವುದೂ ತೆಗೆಯುವುದಿಲ್ಲ, ವಾರಕ್ಕೊಮ್ಮೆ ಕಾಲು ಭಾಗ ನೀರು ನೀವೇ ಬದಲಿಸಬೇಕು.

ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಾಡಿಕೊಂಡು ಇರುವುದು ಕಡಿಮೆ. ಸ್ಪಾಂಜಿನ ತೂತು, ಸೆರಾಮಿಕ್ ರಿಂಗ್, ಹೀಗೆ ಸಿಕ್ಕ ಜಾಗಕ್ಕೆ ಅಂಟಿಕೊಂಡು ಬೆಳೆಯುತ್ತವೆ. ಹೊಸ ಫಿಲ್ಟರಿನಲ್ಲಿ ಅವು ನೆಲೆಯೂರುವುದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಹಾಗಾಗಿ ನಾನು ಫಿಲ್ಟರ್ ಕೈಗೆತ್ತಿಕೊಂಡರೆ ಮೊದಲು ಮುಚ್ಚಳ ತೆಗೆದು ನೋಡುವುದು ಮೀಡಿಯಾ (ಅಂದರೆ ಈ ಸ್ಪಾಂಜ್, ರಿಂಗ್) ತುಂಬಲು ಒಳಗೆ ಜಾಗ ಎಷ್ಟಿದೆ ಅಂತ.

ಅಂಗಡಿಯಲ್ಲಿ ಎಲ್ಲರೂ ನೋಡುವುದು ಡಬ್ಬದ ಮೇಲಿನ ನಂಬರ್. ಗಂಟೆಗೆ ಇಷ್ಟು ಲೀಟರ್ ಅಂತ ಬರೆದಿರುತ್ತದಲ್ವಾ, ಅದು ಸಾಮಾನ್ಯವಾಗಿ ಒಳಗೆ ಮೀಡಿಯಾ ಇಲ್ಲದೆ, ನೀರನ್ನು ಮೇಲಕ್ಕೆತ್ತುವ ಕೆಲಸವೂ ಇಲ್ಲದೆ ಅಳೆದದ್ದು. ಸ್ಪಾಂಜ್ ಹಾಕಿ, ಅದರಲ್ಲಿ ನಾಲ್ಕು ದಿನದ ಕಸ ಕೂತ ಮೇಲೆ ಅಷ್ಟು ನೀರು ಹರಿಯಲ್ಲ. ಗಂಟೆಗೆ ಟ್ಯಾಂಕಿನ ನಾಲ್ಕೈದು ಪಟ್ಟು ನೀರು ಓಡಬೇಕು ಅನ್ನುವುದು ರೂಢಿಯ ಲೆಕ್ಕ. 60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ಟ್ಯಾಂಕ್ ಅಂದರೆ 54 ಲೀಟರ್, ಕಲ್ಲು ಮರಳು ಹಾಕಿದ ಮೇಲೆ ಅದಕ್ಕೂ ಕಡಿಮೆ. ಅದಕ್ಕೆ 400 ಅಂತ ಬರೆದಿರುವ ಫಿಲ್ಟರ್ ಧಾರಾಳ ಸಾಕು.

ಆದರೆ ಆ ಟ್ಯಾಂಕಿನಲ್ಲಿ ಇರುವುದು ಬೆಟ್ಟಾ (ಫೈಟರ್ ಮೀನು) ಆದರೆ ಈ ಲೆಕ್ಕವೇ ಬೇಡ. ಅಷ್ಟುದ್ದ ರೆಕ್ಕೆ ಇಟ್ಟುಕೊಂಡು ಅದು ಸೆಳೆತಕ್ಕೆ ಎದುರಾಗಿ ಈಜಿ ಈಜಿ ಸುಸ್ತಾಗುತ್ತದೆ, ಕೊನೆಗೆ ಮೂಲೆ ಹಿಡಿದು ಕೂರುತ್ತದೆ. ಅದಕ್ಕೆ ಏರ್ ಪಂಪ್ ಹಾಕಿದ ಸ್ಪಾಂಜ್ ಫಿಲ್ಟರ್ ಸಾಕು. ಸೀಗಡಿ, ಗಪ್ಪಿ ಮರಿ ಇದ್ದರೂ ಅದೇ, ಬೇರೆ ಫಿಲ್ಟರ್ ಮರಿಗಳನ್ನು ಒಳಗೆ ಎಳೆದುಕೊಂಡುಬಿಡುತ್ತದೆ. ನೋಡಲು ಚೆನ್ನಾಗಿಲ್ಲ ಅಂತ ಸ್ಪಾಂಜ್ ಬೇಡ ಅನ್ನುವವರು ಜಾಸ್ತಿ, ನನಗೆ ಮಾತ್ರ ಸಣ್ಣ ಟ್ಯಾಂಕಿಗೆ ಅದಕ್ಕಿಂತ ಒಳ್ಳೆಯದು ಕಂಡಿಲ್ಲ. ಗೋಲ್ಡ್ ಫಿಶ್ ಇದಕ್ಕೆ ಪೂರ್ತಿ ಉಲ್ಟಾ. ತಿನ್ನುವುದೂ ಜಾಸ್ತಿ, ಗಲೀಜು ಮಾಡುವುದೂ ಜಾಸ್ತಿ, ಲೆಕ್ಕ ಹಾಕಿದ್ದಕ್ಕಿಂತ ಒಂದು ಸೈಜ್ ದೊಡ್ಡದನ್ನೇ ತಗೊಳ್ಳಿ. ಮಧ್ಯಮ ಟ್ಯಾಂಕಿಗೆ ಹಿಂಬದಿಗೆ ನೇತುಹಾಕುವ ಫಿಲ್ಟರ್ ಚೆನ್ನಾಗಿ ನಡೆಯುತ್ತದೆ, ನೂರೈವತ್ತು ಇನ್ನೂರು ಲೀಟರ್ ದಾಟಿದರೆ ಕ್ಯಾನಿಸ್ಟರ್ (ಟ್ಯಾಂಕಿನ ಹೊರಗಿಟ್ಟು ಪೈಪ್ ಜೋಡಿಸುವ ಡಬ್ಬದಂಥ ಫಿಲ್ಟರ್) ನೋಡಿ. ಮರಳಿನಡಿ ಹೂಳುವ ಹಳೆಯ ಪ್ಲೇಟ್ ಫಿಲ್ಟರ್ ತಗೊಳ್ಳಿ ಅಂತ ನಾನು ಹೇಳುವುದಿಲ್ಲ, ಅಡಿಯಲ್ಲಿ ಕೂತ ಕಸ ತೆಗೆಯಬೇಕಾದರೆ ಇಡೀ ಟ್ಯಾಂಕ್ ಬಿಚ್ಚಬೇಕು.

ಈಗ ತೊಳೆಯುವವರ ವಿಷಯ. ಕ್ಯಾನಿಸ್ಟರ್ ಸ್ಟ್ಯಾಂಡಿನ ಕೆಳಗೆ ಬಾಗಿಲ ಹಿಂದೆ ಇರುತ್ತದೆ. ಪೈಪ್ ಬಿಚ್ಚಬೇಕು, ನೆಲ ಒದ್ದೆಯಾಗುತ್ತದೆ, ಮುಂದಿನ ವಾರ ನೋಡೋಣ ಅಂತ ಆರು ತಿಂಗಳು ಹೋಗುತ್ತದೆ. ನೀವು ಆ ಥರದವರಾದರೆ ಕ್ಯಾನಿಸ್ಟರ್ ಬೇಡ, ದೊಡ್ಡ ಟ್ಯಾಂಕಿಗೂ ಎರಡು ಮೂರು ಸ್ಪಾಂಜ್ ಹಾಕಿಕೊಳ್ಳಿ. ತೊಳೆಯುವುದು ಯಾವತ್ತೂ ಟ್ಯಾಂಕಿನಿಂದ ತೆಗೆದ ನೀರಿನಲ್ಲೇ. ಕ್ಲೋರಿನ್ ಇರುವ ನಲ್ಲಿ ನೀರಿನಡಿ ಹಿಡಿದು ಫಳಫಳ ಹೊಳೆಯುವ ಹಾಗೆ ತೊಳೆದರೆ ಅಲ್ಲಿದ್ದ ಬ್ಯಾಕ್ಟೀರಿಯಾ ಸಾಯುತ್ತವೆ. ತಿಂಗಳಿಗೊಮ್ಮೆ ಕಾರ್ಟ್ರಿಡ್ಜ್ (ಫಿಲ್ಟರಿನೊಳಗೆ ಕೂರಿಸುವ, ನೀರು ಸೋಸುವ ತುಂಡು) ಬದಲಿಸಿ ಅಂತ ಡಬ್ಬದ ಮೇಲೆ ಬರೆದಿದ್ದರೆ ಅದು ಕಾರ್ಟ್ರಿಡ್ಜ್ ಮಾರುವವರ ಮಾತು. ಹರಿದು ಚಿಂದಿಯಾಗುವವರೆಗೆ ಸ್ಪಾಂಜ್ ಬಳಸಬಹುದು. ಫಿಲ್ಟರಿನಲ್ಲಿ ಹಾಕುವ ಕಾರ್ಬನ್ (ಇದ್ದಿಲು) ಮಾತ್ರ ಕೆಲವೇ ವಾರದಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಮೀನಿಗೆ ಔಷಧಿ ಹಾಕುವಾಗ ಅದನ್ನು ತೆಗೆದಿಡಿ, ಇಲ್ಲದಿದ್ದರೆ ಔಷಧಿಯನ್ನೂ ಹೀರಿಬಿಡುತ್ತದೆ.

ಕರೆಂಟ್ ಹೋಗುವ ಕಡೆ ಇದ್ದರೆ ಇನ್ನೂ ಒಂದಷ್ಟು ಯೋಚನೆ ಬೇಕು. ಕ್ಯಾನಿಸ್ಟರ್ ಮುಚ್ಚಿದ ಡಬ್ಬ, ಹಲವು ಗಂಟೆ ನಿಂತರೆ ಒಳಗೆ ಆಮ್ಲಜನಕ ಮುಗಿದು ನೀರು ನಾರುತ್ತದೆ. ಅದನ್ನು ಹಾಗೇ ಆನ್ ಮಾಡಬೇಡಿ, ಮೊದಲು ಬಿಚ್ಚಿ ಆ ನೀರು ಚೆಲ್ಲಿ. ನೇತುಹಾಕುವ ಫಿಲ್ಟರುಗಳಲ್ಲಿ ಕೆಲವು ಕರೆಂಟ್ ಬಂದ ಮೇಲೆ ತಾವಾಗಿ ನೀರೆಳೆಯುವುದಿಲ್ಲ, ಸುಮ್ನೆ ಗುಂಯ್ ಅಂತ ಸದ್ದು ಮಾಡುತ್ತಿರುತ್ತವೆ, ಕೊಂಡ ದಿನವೇ ಸ್ವಿಚ್ ಆರಿಸಿ ಹಾಕಿ ನೋಡಿಕೊಳ್ಳಿ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ಟ್ಯೂಬಿನಲ್ಲಿ ನೀರು ವಾಪಸ್ ಇಳಿದು ಪಂಪ್ ಸೇರುತ್ತದೆ. ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಿ.

ಹಳೆಯ ಫಿಲ್ಟರ್ ಬದಲಿಸುತ್ತಿದ್ದರೆ ಅದನ್ನು ಅವತ್ತೇ ಎಸೆಯಬೇಡಿ. ಹೊಸದರ ಜೊತೆಗೆ ಒಂದು ತಿಂಗಳು ಎರಡನ್ನೂ ಓಡಿಸಿ. ಅಷ್ಟು ಜಾಗ ಇಲ್ಲ ಅಂದರೆ ಹಳೆಯ ಸ್ಪಾಂಜನ್ನು ಕತ್ತರಿಸಿ ಹೊಸ ಫಿಲ್ಟರಿನೊಳಗೆ ತುರುಕಿದರೂ ಆಯಿತು.