ಮೀನು ತಿನ್ನದವರು ಘಾನಾದಲ್ಲಿ ಮನೆ ಅಡುಗೆ ಕಲಿಯಬಹುದಾ?

ಪ್ರಶ್ನೆ: ಕೆಲಸದ ಮೇಲೆ ಘಾನಾದ ರಾಜಧಾನಿ ಆಕ್ರಾಗೆ ಹೋಗುತ್ತಿದ್ದೇನೆ. ನಡುವೆ ಒಂದಷ್ಟು ದಿನ ಬಿಡುವಿದೆ. ಅಲ್ಲಿನ ಮನೆ ಅಡುಗೆಯನ್ನು ಅಲ್ಲಿಯವರ ಹತ್ತಿರವೇ ಕಲಿಯುವ ಆಸೆ. ಆದರೆ ನಾನು ಮೀನು, ಮಾಂಸ ಎರಡೂ ಮುಟ್ಟುವುದಿಲ್ಲ. ಪ್ರಯೋಜನ ಇದೆಯಾ?

ಇದೆ. ಅಲಸಂದೆ, ಕೆಸುವಿನ ಜಾತಿಯ ಸೊಪ್ಪು, ಶೇಂಗಾ, ಬಾಳೆ, ಮರಗೆಣಸು, ಮುಸುಕಿನ ಜೋಳ. ಘಾನಾದ ಅಡುಗೆಮನೆಯ ಅರ್ಧ ಸಾಮಾನು ನಿಮಗೆ ಗೊತ್ತಿರುವುದೇ. ಅಲಸಂದೆಯಂತೂ ಮೂಲತಃ ಆಫ್ರಿಕಾದ್ದೇ ಬೆಳೆ.

ತೊಡಕು ಇರುವುದು ಬೇರೆ ಕಡೆ. ಅಲ್ಲಿ ಮೀನು ಅಂದರೆ ತಟ್ಟೆಯಲ್ಲಿರುವ ತುಂಡು ಮಾತ್ರ ಅಲ್ಲ, ಅದು ಮಸಾಲೆಯೂ ಹೌದು. ಹೊಗೆ ಹಿಡಿಸಿದ ಮೀನಿನ ಪುಡಿ, ಒಣ ಸೀಗಡಿ ಪುಡಿ, ಉಪ್ಪಿನಲ್ಲಿ ಹುದುಗಿಸಿದ ಮೊಮೊನೆ ಮೀನು, ಇವೆಲ್ಲ ಈರುಳ್ಳಿ ಬಾಡುವಾಗಲೇ ಪಾತ್ರೆಗೆ ಬೀಳುತ್ತವೆ. ಮಾಂಸ ಬೇಡ ಅಂದರೆ ಅಡುಗೆಯಾಕೆ ಸಂತೋಷದಿಂದ ಮಾಂಸ ಬಿಡುತ್ತಾರೆ, ಮೀನಿನ ಪುಡಿ ಹಾಕುತ್ತಾರೆ. ಮೋಸ ಅಂತ ಅಂದುಕೊಳ್ಳಬೇಡಿ. ಅದಿಲ್ಲದೆ ಸಾರಿಗೆ ರುಚಿ ಎಲ್ಲಿಂದ ಬರಬೇಕು ಅನ್ನುವುದು ಅವರ ಪ್ರಾಮಾಣಿಕ ಪ್ರಶ್ನೆ. ಸಾರಿಗೆ ರುಚಿಗೆಂದು ಹಾಕುವ ಮ್ಯಾಗಿ ಕ್ಯೂಬ್ ಅನ್ನುವ ಮಸಾಲೆ ಬಿಲ್ಲೆಯನ್ನೂ ಗಮನಿಸಿ. ಅಲ್ಲಿ ಸೀಗಡಿ ರುಚಿಯದು, ಕೋಳಿ ರುಚಿಯದು ಸಿಗುತ್ತವೆ. ಶಿಟೋ ಅನ್ನುವ ಕಪ್ಪು ಖಾರದ ಚಟ್ನಿಯಲ್ಲಂತೂ ಒಣಮೀನು, ಸೀಗಡಿ ಇದ್ದೇ ಇರುತ್ತವೆ.

ಹಾಗಾಗಿ ಈ ಮಾತು ಒಲೆಯ ಮುಂದೆ ಆಡುವುದಲ್ಲ, ಮಾರ್ಕೆಟ್‌ಗೆ ಹೊರಡುವ ಮೊದಲೇ ಆಗಬೇಕು. ‘ಮೀನಿಲ್ಲ, ಮೀನಿನ ಪುಡಿ ಇಲ್ಲ, ಸೀಗಡಿ ಇಲ್ಲ, ಕ್ಯೂಬ್ ಇಲ್ಲ’ ಅಂತ ಒಂದೊಂದಾಗಿ ಹೇಳಿ. ಆಮೇಲೆ ‘ಬದಲಿಗೆ ಏನು ಹಾಕುತ್ತೀರಿ?’ ಅಂತ ಕೇಳಿ. ನನ್ನ ಪ್ರಕಾರ ನಿಜವಾದ ಪಾಠ ಶುರುವಾಗುವುದು ಈ ಪ್ರಶ್ನೆಯಿಂದಲೇ. ಒಬ್ಬರು ಅಣಬೆ ಅನ್ನುತ್ತಾರೆ. ಉತ್ತರ ಘಾನಾ ಕಡೆಯವರಾದರೆ ದಾವಾದಾವಾ ಅನ್ನುತ್ತಾರೆ. ಅದು ಒಂದು ಕಾಡುಮರದ ಬೀಜವನ್ನು ಬೇಯಿಸಿ ಹುದುಗಿಸಿ ಮಾಡುವ ಉಂಡೆ. ವಾಸನೆ ಜೋರು, ಮೂಗು ಮುಚ್ಚಿಕೊಳ್ಳುವಷ್ಟು. ಆದರೆ ಸಾರಿಗೆ ಬಿದ್ದ ಮೇಲೆ ಮೀನು ಕೊಡುವ ಆಳವನ್ನೇ ಕೊಡುತ್ತದೆ, ಅದೂ ಪೂರ್ತಿ ಸಸ್ಯಾಹಾರ.

ಮಾರ್ಕೆಟ್‌ಗೆ ಅವರ ಜೊತೆಯೇ ಹೋಗಿ. ಆಕ್ರಾದಲ್ಲಿ ಮಕೋಲಾ, ಕುಮಾಸಿಯಲ್ಲಿ ಕೆಜೆಟಿಯಾ ದೊಡ್ಡವು. ಆದರೆ ಕಲಿಯುವುದಕ್ಕೆ ಅಡುಗೆಯವರ ಬಡಾವಣೆಯ ಸಣ್ಣ ಮಾರ್ಕೆಟ್ಟೇ ವಾಸಿ, ನಿಂತು ಮಾತಾಡಲು ಜಾಗ ಇರುತ್ತದೆ. ಮೊದಲು ನಮಸ್ಕಾರ, ಆಮೇಲೆ ರೇಟು. ನೇರ ‘ಎಷ್ಟು?’ ಅಂದರೆ ಒರಟು ಅನ್ನಿಸುತ್ತದೆ. ವಯಸ್ಸಾದ ಹೆಂಗಸರನ್ನು ‘ಆಂಟಿ’ ಅಂತ ಕರೆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಎಡಗೈಯಲ್ಲಿ ದುಡ್ಡು ಕೊಡಬೇಡಿ, ಈ ನಿಯಮ ನಮಗೇನೂ ಹೊಸದಲ್ಲ ಅಲ್ವಾ. ಟೊಮೆಟೊ, ಮೆಣಸಿನಕಾಯಿ ಎಲ್ಲ ಗುಡ್ಡೆ ಲೆಕ್ಕ. ಮನೆಗೆ ಬಂದ ಮೇಲೆ ಆ ಗುಡ್ಡೆಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. ಅಡುಗೆ ಶುರುವಾದರೆ ಎಲ್ಲ ಕೈಯಳತೆ, ಕೇಳಿದರೆ ‘ಸಾಕಾಗುವಷ್ಟು’ ಅನ್ನುವ ಉತ್ತರ ಬರುತ್ತದೆ.

ಮೊದಲು ಕಲಿಯಬೇಕಾದ್ದು ಆಸಂಕಾದಲ್ಲಿ ಅರೆಯುವುದು. ಒಳಮೈ ತುಂಬ ಗೀರುಗಳಿರುವ ಮಣ್ಣಿನ ಬಟ್ಟಲು ಅದು. ಅರೆಯುವ ಮರದ ತುಂಡಿಗೆ ನಡು ಸಣ್ಣ, ಎರಡು ತುದಿ ದಪ್ಪ. ನಡು ಹಿಡಿದು ಮಣಿಕಟ್ಟು ತಿರುಗಿಸುತ್ತಾ ಒತ್ತಬೇಕು, ಕುಟ್ಟಬಾರದು. ಮೊದಲು ಉಪ್ಪು, ಮೆಣಸಿನಕಾಯಿ. ನುಣ್ಣಗಾದ ಮೇಲೆ ಈರುಳ್ಳಿ. ಟೊಮೆಟೊ ಕೊನೆಗೆ, ಇಲ್ಲದಿದ್ದರೆ ರಸ ಕಣ್ಣಿಗೇ ಹಾರುತ್ತದೆ. ಕ್ಪಾಕ್ಪೋ ಶಿಟೋ ಅನ್ನುವ ಪುಟ್ಟ, ಗುಂಡು, ಘಮಘಮಿಸುವ ಹಸಿಮೆಣಸು ಸಿಕ್ಕರೆ ಬಿಡಬೇಡಿ. ಮೇಲೆ ಹೇಳಿದ ಕಪ್ಪು ಚಟ್ನಿಗೂ ಇದಕ್ಕೂ ಹೆಸರಿನಲ್ಲಷ್ಟೇ ನಂಟು, ಇದರಲ್ಲಿ ಮೀನಿಲ್ಲ. ಹೀಗೆ ಅರೆದ ಹಸಿ ಖಾರವೇ ಬಾಂಕುಗೆ ಸಾಕು. ಬಾಂಕು ಅಂದರೆ ಹುಳಿ ಬರಿಸಿದ ಮುಸುಕಿನ ಜೋಳದ ಹಿಟ್ಟು, ಮರಗೆಣಸಿನ ಹಿಟ್ಟು ಸೇರಿಸಿ ಒಲೆಯ ಮೇಲೆ ತಿರುವಿ ಕಟ್ಟುವ ಉಂಡೆ. ತಿರುವುವುದು ರಾಗಿ ಮುದ್ದೆ ತಿರುವಿದವರಿಗೆ ಬೇಗ ಕೈಗೆ ಬರುತ್ತದೆ.

ಪೂರ್ತಿ ಊಟಕ್ಕೆ ರೆಡ್ ರೆಡ್ ಕೇಳಿ. ಅಲಸಂದೆ ಮೆತ್ತಗೆ ಬೇಯಬೇಕು, ಬೇಯಿಸಿದ ನೀರು ಚೆಲ್ಲಬಾರದು. ಕೆಂಪು ತಾಳೆ ಎಣ್ಣೆಯಲ್ಲಿ ಈರುಳ್ಳಿ, ಶುಂಠಿ, ಖಾರ, ಟೊಮೆಟೊ ಹಾಕಿ ಎಣ್ಣೆ ಮೇಲೆ ತೇಲುವವರೆಗೆ ಹುರಿದು ಕಾಳು ಸೇರಿಸುತ್ತಾರೆ. ಪಕ್ಕದಲ್ಲಿ ಚೆನ್ನಾಗಿ ಹಣ್ಣಾದ ದೊಡ್ಡ ಬಾಳೆ ಕರಿದು ಇಡುತ್ತಾರೆ. ಸಿಪ್ಪೆ ಕಪ್ಪಾದ ಹಣ್ಣೇ ಬೇಕು, ಹಳದಿ ಸಾಲದು.

ಇನ್ನೊಂದು ಕೊಂಟೊಮಿರೆ ಪಲ್ಯ. ಕೆಸುವಿನ ಜಾತಿಯದೇ ಸೊಪ್ಪು, ಸರಿಯಾಗಿ ಬೇಯದಿದ್ದರೆ ಗಂಟಲು ಕೆರೆಯುತ್ತದೆ. ಅದಕ್ಕೆ ಅಗುಶಿ ಅಂದರೆ ಕಲ್ಲಂಗಡಿ ಜಾತಿಯ ಬೀಜದ ಪುಡಿಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ ಅಲ್ಲಲ್ಲಿ ಹಾಕುತ್ತಾರೆ. ಹಾಕಿದ ಮೇಲೆ ಸೌಟು ಮುಟ್ಟಬಾರದು. ಮುಚ್ಚಿಟ್ಟರೆ ಮೊಟ್ಟೆ ಒಡೆದು ಹಾಕಿದ ಹಾಗೆ ಗಟ್ಟಿ ಕಟ್ಟಿಕೊಳ್ಳುತ್ತದೆ. ಬೇಯಿಸಿದ ಯಾಮ್ ಗೆಡ್ಡೆಯ ಜೊತೆ ಇದನ್ನು ತಿಂದವರಿಗೆ ಮಾಂಸದ ನೆನಪೇ ಬರುವುದಿಲ್ಲ. ಫುಫು ಅಂದರೆ ಬೇಯಿಸಿದ ಮರಗೆಣಸು, ಬಾಳೆಕಾಯಿ ಕುಟ್ಟಿ ಮಾಡುವ ಮುದ್ದೆ. ಅದರ ಜೊತೆಗಿನ ಸಾರುಗಳು ಕಷ್ಟ. ಅವು ಮಾಂಸ ಬೇಯಿಸಿದ ನೀರಿನ ಮೇಲೇ ನಿಂತಿರುತ್ತವೆ. ಶೇಂಗಾ ಸಾರನ್ನು ಮಾತ್ರ ಅಣಬೆ, ಬದನೆ ಹಾಕಿ ಮಾಡಿಸಬಹುದು.

ಕಲಿಸುವವರು ಎಲ್ಲಿ ಸಿಗುತ್ತಾರೆ? ಗೆಸ್ಟ್‌ಹೌಸ್‌ನ ಅಡುಗೆಯವರನ್ನೇ ಮೊದಲು ಕೇಳಿ. ಆಕ್ರಾದಲ್ಲಿ ಮಾರ್ಕೆಟ್ ಸುತ್ತಿಸಿ ಅಡುಗೆ ಕಲಿಸುವವರೂ ಇದ್ದಾರೆ. ಚಾಪ್ ಬಾರ್ ಅನ್ನುವ ಸಣ್ಣ ಊಟದ ಹೋಟೆಲ್‌ಗಳಲ್ಲಿ ಮಧ್ಯಾಹ್ನದ ಗದ್ದಲದ ಹೊತ್ತಿನಲ್ಲಿ ಕೇಳಬೇಡಿ, ಯಾರಿಗೂ ಪುರಸೊತ್ತಿರುವುದಿಲ್ಲ. ಫೀಸು ಬೇರೆ, ಸಾಮಾನಿನ ದುಡ್ಡು ಬೇರೆ ಅಂತ ಮೊದಲೇ ಮಾತಾಡಿ. ಕೈಯಲ್ಲಿ ಚಿಲ್ಲರೆ ಸೆಡಿ ನೋಟು ಇರಲಿ. ಶನಿವಾರ ನೆಚ್ಚಿಕೊಳ್ಳಬೇಡಿ. ಘಾನಾದ ದೊಡ್ಡ ಸಮುದಾಯವಾದ ಅಕಾನ್ ಜನರಲ್ಲಿ ಅಂತ್ಯಕ್ರಿಯೆಗಳು ಹೆಚ್ಚಾಗಿ ಶನಿವಾರವೇ ನಡೆಯುತ್ತವೆ, ನೆಂಟರು ಹೋಗಲೇಬೇಕು. ಭಾನುವಾರ ಬೆಳಿಗ್ಗೆ ಹೆಚ್ಚಿನವರು ಚರ್ಚಿನಲ್ಲಿರುತ್ತಾರೆ.

ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿ. ಆ ಕಾರ್ಡು ಘಾನಾಕ್ಕೆ ಇಳಿಯುವಾಗಲೂ ಬೇಕು, ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗಲೂ ಬೇಕು.

ಊರಿಗೆ ಬಂದ ಮೇಲೆ ಮಾಡಲು ನೇಂದ್ರ ಬಾಳೆ, ಕೆಸುವಿನ ಎಲೆ, ಅಲಸಂದೆ ಇಲ್ಲೇ ಸಿಗುತ್ತವೆ. ಅಗುಶಿ ಬದಲಿಗೆ ಸಿಪ್ಪೆ ತೆಗೆದ ಕಲ್ಲಂಗಡಿ ಬೀಜ ನಡೆಯುತ್ತದೆ. ತಾಳೆ ಎಣ್ಣೆಗೆ ಮಾತ್ರ ಬದಲಿ ಇಲ್ಲ. ನಮ್ಮ ಅಂಗಡಿಯ ಪಾಮ್ ಆಯಿಲ್ ಬಣ್ಣ, ವಾಸನೆ ಎರಡೂ ತೆಗೆದದ್ದು. ಝೋಮಿ ಅನ್ನುವ ಮಸಾಲೆ ಹಾಕಿ ಕಾಯಿಸಿದ ಕೆಂಪೆಣ್ಣೆ ಒಂದು ಸಣ್ಣ ಬಾಟಲಿ ತನ್ನಿ. ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಪ್ಲಾಸ್ಟಿಕ್ ಕವರ್ ಹಾಕಿ, ಚೆಕ್-ಇನ್ ಬ್ಯಾಗಿನಲ್ಲೇ ಇಡಿ. ಸೋರಿದರೆ ಬಟ್ಟೆಯ ಕಲೆ ಹೋಗುವುದಿಲ್ಲ.